ಮೊಳೆ ಹೊಡೆದ ವೀಣೆ

"ಬುದ್ಧಿ, ಒಂದು ವಸ್ತುವಿಗೆ ಅದನ್ನು ಮಾಡಿದವನು ಒಡೆಯನೋ, ಕೊಂಡವನು ಒಡೆಯನೋ?" ಎಂದು ಷಡಕ್ಷರಿ ಕೇಳಿದ.

ಷಡಕ್ಷರಿ ಮಠದಲ್ಲಿದ್ದು ಓದಿದ ಶಿಷ್ಯ. ಗುರುಗಳು ಅವನ ಮುಖ ನೋಡಿ, "ಇವತ್ತು ಯಾರ ಮೇಲೆ ಸಿಟ್ಟು?" ಎಂದರು.

ಅವನು ಕೈಯಲ್ಲಿದ್ದ ಮೊಬೈಲ್ ತೋರಿಸಿದ. ಕಣ್ಣು ಕಾಣದವರಿಗೆ ಕನ್ನಡದ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಆ್ಯಪ್ ಅನ್ನು ಅವನು ಬರೆದಿದ್ದ. ಫೋನಿನ ಕಂಪನಿಯವರು ಅದನ್ನು ತಮ್ಮ ಆ್ಯಪ್ ಅಂಗಡಿಗೆ ಸೇರಿಸಿರಲಿಲ್ಲ. ಅಂಗಡಿಗೆ ಸೇರದ ಆ್ಯಪ್ ಅನ್ನು ಫೋನು ಒಳಗೇ ಬಿಡುತ್ತಿರಲಿಲ್ಲ.

"ಫೋನು ನನ್ನ ದುಡ್ಡಿನದು, ಆ್ಯಪ್ ನನ್ನ ಕೈಯದು. ನಡುವೆ ನಿಂತು ಬೇಡ ಅನ್ನಲು ಇವರು ಯಾರು ಬುದ್ಧಿ? ಕೇಳಿದರೆ, ಎಲ್ಲ ನಿಮ್ಮ ಒಳ್ಳೆಯದಕ್ಕೇ ಅನ್ನುತ್ತಾರೆ."

ಗುರುಗಳು ಫೋನನ್ನು ಈಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಎಷ್ಟು ನಯವಾಗಿ ಮಾಡಿದ್ದಾರೆ ನೋಡು. ಬೈಯುವ ಮೊದಲು ಮಾಡಿದ ಕೈಗೆ ಒಂದು ಶರಣು ಅನ್ನಬೇಕಪ್ಪ. ಅಂದೆಯಾ? ಹಾಗಾದರೆ ಕೂತುಕೋ" ಎಂದು ಕತೆ ತೆಗೆದರು.

ಒಂದೂರಿನಲ್ಲಿ ವೀಣೆ ಮಾಡುವ ಒಬ್ಬ ಬಡಗಿ ಇದ್ದ. ಹಲಸಿನ ದಿಮ್ಮಿಯನ್ನು ಬೆರಳಿನಿಂದ ತಟ್ಟಿ, ಇದು ನುಡಿಯುತ್ತದೆ, ಇದು ನುಡಿಯುವುದಿಲ್ಲ ಎಂದು ಹೇಳಿಬಿಡುತ್ತಿದ್ದ. ಅವನ ಕೈಯ ವೀಣೆ ಅಂದರೆ ವೀಣೆ. ದೂರದ ವಿದ್ವಾಂಸರು ಅವನ ಬಾಗಿಲಲ್ಲಿ ಕಾಯುತ್ತಿದ್ದರು. ವೀಣೆಯನ್ನು ಕೊಡುವಾಗ ಅವನು ಅದಕ್ಕೆ ಅರಿಸಿನ ಕುಂಕುಮ ಇಟ್ಟು, ತಾಂಬೂಲದ ಜೊತೆಗೆ ಕೊಂಡವರ ಮಡಿಲಿಗೆ ಇಡುತ್ತಿದ್ದ. "ನನ್ನ ಮಗಳು. ಇನ್ನು ಇವಳು ನಿಮ್ಮ ಮನೆಯವಳು" ಎನ್ನುತ್ತಿದ್ದ. ಅದು ಅವನ ಮನೆತನದಲ್ಲಿ ನಡೆದು ಬಂದ ಪದ್ಧತಿ.

ವೀಣೆಯ ಮೆಟ್ಟಿಲು ನೋಡಿದ್ದೀಯಲ್ಲ, ತಂತಿಯ ಕೆಳಗೆ ಸಾಲಾಗಿ ಕೂತಿರುವ ಹಿತ್ತಾಳೆಯ ಪಟ್ಟಿಗಳು? ಅವುಗಳ ಮೇಲೆ ತಂತಿಯನ್ನು ಅದುಮಿದರೆ ಸ್ವರ ಹುಟ್ಟುತ್ತದೆ. ಅವು ಕೂರುವುದು ಮೇಣದಲ್ಲಿ. ಮೇಣ ಬೆಚ್ಚಗಾದರೆ ಮೆಟ್ಟಿಲು ಜರುಗುತ್ತದೆ, ಆರಿದರೆ ನಿಲ್ಲುತ್ತದೆ.

ಇದೇ ಬಡಗಿಗೆ ತಲೆನೋವಾಯಿತು. ಕೊಂಡವರು ಸುಮ್ಮನಿರಬೇಕಲ್ಲ! ಮೇಣ ಕರಗಿಸಿ, ಮೆಟ್ಟಿಲನ್ನು ಅತ್ತ ಇತ್ತ ತಳ್ಳಿ, ಅಪಸ್ವರ ಮಾಡಿಕೊಂಡು ಸಭೆಯಲ್ಲಿ ಕೂರುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೈಗುಳವೆಲ್ಲ ಬಡಗಿಗೆ. ಯಾರೋ ಕೆಡಿಸಿದ್ದಕ್ಕೆ ತನ್ನ ಹೆಸರಿಗೆ ಮಸಿ ಬಳಿಯುತ್ತಾರಲ್ಲ ಎಂದು ಅವನ ಹೊಟ್ಟೆ ಉರಿಯಿತು. ಸಿಟ್ಟಿನಲ್ಲಿ ಮೇಣದ ಡಬ್ಬಿಯನ್ನು ಅಟ್ಟಕ್ಕೆ ಎಸೆದ. ಮೆಟ್ಟಿಲುಗಳನ್ನು ಸರಿಯಾದ ಜಾಗದಲ್ಲಿಟ್ಟು ಸಣ್ಣ ಮೊಳೆ ಹೊಡೆದ. ಮೊಳೆಯ ತಲೆಗೆ ಅರಗು ಹಾಕಿ ತನ್ನ ಮುದ್ರೆ ಒತ್ತಿದ. ಮುದ್ರೆ ಒಡೆದ ವೀಣೆಗೆ ತಾನು ಹೊಣೆಯಲ್ಲ, ಏನೇ ಆದರೂ ತನ್ನ ಬಾಗಿಲಿಗೇ ತರಬೇಕು ಎಂದು ಸಾರಿದ.

ಸುಳ್ಳು ಹೇಳಬಾರದು, ಆ ವೀಣೆಗಳು ಬಹಳ ಚೆನ್ನಾಗಿದ್ದವು. ಕಲಿಯುವ ಮಕ್ಕಳ ಮನೆಯಲ್ಲಿ ಸ್ವರ ತಪ್ಪಲಿಲ್ಲ. ಯಾವ ಊರಿಗೆ ಹೋದರೂ ಅದೇ ನಾದ, ಅದೇ ಇಂಪು. ಬೈಯುತ್ತಿದ್ದವರ ಬಾಯಿ ಮುಚ್ಚಿತು. ಬಡಗಿ ಹಿಗ್ಗಿದ. ಹಿಗ್ಗಬೇಕಾದ್ದೇ.

ಅವನಿಂದ ವೀಣೆ ಕೊಂಡವರಲ್ಲಿ ಒಬ್ಬ ವಿದುಷಿ ಇದ್ದರು. ಆಕೆ ನುಡಿಸಲು ಕೂತರೆ ಬೀದಿಯಲ್ಲಿ ಹೋಗುವವರು ಹೊರೆ ಇಳಿಸಿ ನಿಲ್ಲುತ್ತಿದ್ದರು. ವಯಸ್ಸಾಗುತ್ತಾ ಆಕೆಯ ಬೆರಳಿನ ಗಂಟುಗಳು ಊದಿದವು. ತಂತಿಯನ್ನು ಮೊದಲಿನಂತೆ ಅದುಮಲು ಆಗದಾಯಿತು. ಮೆಟ್ಟಿಲನ್ನು ತಂತಿಯ ಹತ್ತಿರಕ್ಕೆ ಕೂದಲೆಳೆಯಷ್ಟು ಎತ್ತಿದರೆ ಸಾಕಿತ್ತು, ಮೆಲ್ಲಗೆ ಮುಟ್ಟಿದರೂ ನುಡಿಯುತ್ತಿತ್ತು. ಆದರೆ ಮೊಳೆ. ಮೊಳೆಯ ಮೇಲೆ ಮುದ್ರೆ.

ಆಕೆ ಗಾಡಿ ಹೂಡಿಸಿಕೊಂಡು ವೀಣೆಯನ್ನು ಬಡಗಿಯ ಬಾಗಿಲಿಗೆ ತಂದರು. ಬಡಗಿ ಗೌರವದಿಂದಲೇ ಮೊಳೆ ಕಿತ್ತ. ಮೆಟ್ಟಿಲುಗಳ ಅಡಿಗೆ ತೆಳ್ಳನೆಯ ಚಕ್ಕೆ ಕೊಟ್ಟು, ಆಕೆಯ ಬೆರಳಿಗೆ ಹೊಂದಿಸಿ, ಮತ್ತೆ ಮೊಳೆ ಹೊಡೆದು ಮುದ್ರೆ ಒತ್ತಿದ. ಇಷ್ಟು ಸೇವೆ ಯಾವ ಬಡಗಿ ಮಾಡುತ್ತಾನೆ ಎಂದು ಮನಸ್ಸಿನಲ್ಲೇ ಬೀಗಿದ.

ಆದರೆ ನೋವು ಬಡಗಿಯ ಮಾತು ಕೇಳುತ್ತದೆಯೇ? ಚಳಿಗೆ ಒಂದು ತರಹ, ಬಿಸಿಲಿಗೆ ಒಂದು ತರಹ. ಒಂದು ಬೆರಳು ಸರಿಹೋದರೆ ಇನ್ನೊಂದು ಮುಷ್ಕರ ಹೂಡಿತು. ಆಕೆ ಮತ್ತೆ ಬಂದರು. ಅವನು ಮತ್ತೆ ಮಾಡಿಕೊಟ್ಟ. ಆಮೇಲೆ ಆಕೆಗೆ ಗಾಡಿಯಲ್ಲಿ ಕೂರುವ ಶಕ್ತಿಯೂ ಉಳಿಯಲಿಲ್ಲ.

ಬಹಳ ದಿನವಾದರೂ ಆಕೆಯ ಸುದ್ದಿಯಿಲ್ಲವಲ್ಲ ಎಂದು ಬಡಗಿ ತಾನೇ ಆ ಊರಿಗೆ ಹೋದ. ವೀಣೆಗೆ ಗವಸು ಹಾಕಿ ಮೂಲೆಯಲ್ಲಿ ಇಟ್ಟಿದ್ದರು. ಆಕೆ ಚಾಪೆಯ ಮೇಲೆ ಕೂತು, ತೊಡೆಯ ಮೇಲೆ ಬೆರಳಾಡಿಸುತ್ತಾ ಬಾಯಲ್ಲೇ ಸ್ವರ ಹೇಳಿಕೊಳ್ಳುತ್ತಿದ್ದರು.

"ಮುದ್ರೆ ಒಡೆದುಕೊಳ್ಳಬಹುದಿತ್ತಲ್ಲ ಅಮ್ಮಾ" ಎಂದ.

"ನಿಮ್ಮ ಮಾತು ಮೀರಬಾರದು ಅಂತ ಬಿಟ್ಟೆ ಆಚಾರ್ರೇ" ಎಂದರು ಆಕೆ. "ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗಳು ಅಂತ ಹೇಳಿ ನನ್ನ ಮಡಿಲಿಗೆ ಹಾಕಿದಿರಿ. ಮಗಳನ್ನು ಕೊಟ್ಟ ಮೇಲೆ ಅವಳ ಅಡುಗೆಮನೆಯ ಬೀಗದ ಕೈಯನ್ನು ತವರಿನವರು ಇಟ್ಟುಕೊಳ್ಳುತ್ತಾರೆಯೇ?"

ತನ್ನ ಹೆಸರು ಉಳಿಸಿಕೊಳ್ಳಲು ಹೋಗಿ ಈ ತಾಯಿಯ ಕೈ ಕಟ್ಟಿಹಾಕಿದೆನಲ್ಲ ಎಂದು ಬಡಗಿಗೆ ನಾಚಿಕೆಯಾಯಿತು.

ಅವನು ಗವಸು ತೆಗೆದ. ತಾನು ಒತ್ತಿದ ಮುದ್ರೆಯನ್ನು ತಾನೇ ಒಡೆದ. ಒಂದೊಂದು ಮೊಳೆ ಎಳೆಯುವಾಗಲೂ ತನ್ನ ಹಲ್ಲನ್ನೇ ಕಿತ್ತಂತೆ ಆಯಿತು, ಆದರೂ ಎಳೆದ. ಪೇಟೆಯಿಂದ ಮೇಣ ತರಿಸಿ, ಇದ್ದಿಲ ಪುಡಿ ಬೆರೆಸಿ ಕಾಸಿ, ಮೆಟ್ಟಿಲುಗಳನ್ನು ಅದರಲ್ಲಿ ಕೂರಿಸಿದ. ಎಲ್ಲಿ ಬೆಚ್ಚಗೆ ಮಾಡಬೇಕು, ಹೇಗೆ ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ಆಕೆಗೆ ಹೇಳಿಕೊಟ್ಟ. ಮನೆತನದ ಗುಟ್ಟನ್ನು ಅವನು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು.

ಆಕೆ ಮೆಟ್ಟಿಲುಗಳನ್ನು ತಮ್ಮ ಬೆರಳಿಗೆ ತಕ್ಕಂತೆ ಎತ್ತಿಕೊಂಡರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದು ಮೆಟ್ಟಿಲನ್ನು ಬಡಗಿ ಇಟ್ಟ ಜಾಗದಿಂದಲೇ ತುಸು ಹಿಂದಕ್ಕೆ ಸರಿಸಿದರು. ಅಯ್ಯೋ, ಕೆಟ್ಟಿತು! ಬಡಗಿ ತಡೆಯಲು ಕೈ ಎತ್ತಿದ. ಅಷ್ಟರಲ್ಲಿ ಆಕೆ ಮೀಟಿದರು. ಸ್ವರ ಸ್ವಲ್ಪ ಕೆಳಗೆ ಹುಟ್ಟಿತು. ಊದಿದ ಬೆರಳು ತಂತಿಯನ್ನು ಮೆಲ್ಲಗೆ ಎಳೆದು ಅದನ್ನು ತನ್ನ ಜಾಗಕ್ಕೆ ತಂದಿತು. ತಪ್ಪಿಹೋದ ಮಗು ಮನೆ ಗುರುತು ಹಿಡಿದು ಒಳಗೆ ಬಂದ ಹಾಗಿತ್ತು ಅದು. ಬಡಗಿ ಎತ್ತಿದ ಕೈಯನ್ನು ಇಳಿಸಿ ಕಣ್ಣು ಒರೆಸಿಕೊಂಡ. ತಾನೇ ಕೆತ್ತಿದ ಮರದಲ್ಲಿ ಇಂಥದೊಂದು ನಾದ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಊರಿಗೆ ಬಂದವನೇ ಮೇಣದ ಡಬ್ಬಿಯನ್ನು ಅಟ್ಟದಿಂದ ಇಳಿಸಿದ. ಅಂದಿನಿಂದ ಪ್ರತಿ ವೀಣೆಯ ಜೊತೆಗೂ ಒಂದು ಉಂಡೆ ಮೇಣ ಕೊಟ್ಟ. ಕೇಳಿದವರಿಗೆಲ್ಲ ಮೆಟ್ಟಿಲು ಕೂರಿಸುವುದನ್ನು ಕಲಿಸಿದ. ನಮಗೆ ಈ ರಗಳೆ ಬೇಡಪ್ಪ, ಮೊಳೆಯದೇ ಇರಲಿ ಎಂದವರಿಗೆ ಮೊಳೆಯದನ್ನೂ ಕೊಟ್ಟ. ಮುದ್ರೆ ಮಾತ್ರ ಒತ್ತಲಿಲ್ಲ. ಕೆಡಿಸಿಕೊಳ್ಳುವವರು ಮತ್ತೆ ಹುಟ್ಟಿದರು, ಮತ್ತೆ ಬೈದರು. ಬೈಸಿಕೊಂಡ, ನಗುತ್ತಾ ಸರಿಮಾಡಿಯೂ ಕೊಟ್ಟ. ಅವನು ಯೋಚಿಸಿಯೇ ಇರದ ರೀತಿಯಲ್ಲಿ ಅವನ ವೀಣೆಯನ್ನು ನುಡಿಸುವವರೂ ಹುಟ್ಟಿದರು. ಅಂಥವರು ಇರುವ ಊರಿಗೆ ಅವನು ನಡೆದುಕೊಂಡು ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಕೇಳಿ ಬರುತ್ತಿದ್ದ.

ಚೆನ್ನಾಗಿ ಮಾಡುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ ಕಣಪ್ಪ. ತಾನು ಮಾಡಿದ್ದನ್ನು ಇನ್ನೊಬ್ಬರು ತಿದ್ದುವಾಗ ಕೈ ಕಟ್ಟಿ ನಿಂತು ನೋಡುವ ಎದೆ ಎಲ್ಲರಿಗೂ ಬರುವುದಿಲ್ಲ. ಆ ಬಡಗಿಯನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಕತೆ ಮುಗಿಯಿತು. ಷಡಕ್ಷರಿಯ ಮುಖ ಅರಳಿತ್ತು. "ಹಾಗಾದರೆ ನಾನು ಕೇಳಿದ್ದು ಸರಿಯೇ ಆಯಿತಲ್ಲ ಬುದ್ಧಿ! ಕಂಪನಿಯವರು ಮುದ್ರೆ ಒಡೆಯಲೇಬೇಕು" ಎಂದ.

ಗುರುಗಳು ಫೋನನ್ನು ಅವನ ಕೈಗೆ ಕೊಟ್ಟು ಹೇಳಿದರು: "ಒಡೆಯಲಿ, ಆದರೆ ನಿನ್ನ ಆ್ಯಪಿನ ಒಳಗಿನ ಬರಹ ಬಿಚ್ಚಿ ತೋರಿಸಿದರೆ ಅದಕ್ಕೆ ತುಳು ಓದಲು ಕಲಿಸುತ್ತೇನೆ ಎಂದು ಮೊನ್ನೆ ಮಂಗಳೂರಿನಿಂದ ಬಂದು ಕೇಳಿದ ಆ ಕಣ್ಣಿಲ್ಲದ ಮೇಷ್ಟ್ರಿಗೆ ನೀನು ಏನು ಹೇಳಿ ಬರಿಗೈಯಲ್ಲಿ ಕಳಿಸಿದೆ?"