ಬಾಗಿಲ ಕೆಳಗಿನ ಕೈ

“ಅಯ್ಯನವರ, ನಾ ಕಾಲಿನ ಧೂಳಾ ಝಾಡಿಸಿ ಬಂದದ್ದು ತಪ್ಪೇನ್ರಿ?” ಎಂದು ಆನಂದರಾಜ ಕೇಳಿದ.

ಆನಂದರಾಜ ಉಪದೇಶಿಯಾಗಲು ಕಲಿಯುತ್ತಿದ್ದ ಯುವಕ. ಕಲಿಸುತ್ತಿದ್ದವರು ಬೆಂಜಮಿನ್ ಅಯ್ಯನವರು, ಗದಗಿನ ಕಡೆಯ ಒಂದು ಚಿಕ್ಕ ಕ್ರೈಸ್ತ ಸಭೆಯ ಹಿರಿಯ ಪಾದ್ರಿ. ಮಗ ತೀರಿಕೊಂಡ ಮೇಲೆ ದೇವಾಲಯದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ ಒಬ್ಬ ಮನುಷ್ಯನ ಮನೆಗೆ ಅವರು ಇವನನ್ನು ಕಳಿಸಿದ್ದರು. ಹೋದವನು ಹೇಳಬೇಕಾದದ್ದನ್ನೆಲ್ಲ ಹೇಳಿದ. ದೇವರಿಗೆ ಬೆನ್ನು ತಿರುಗಿಸಿದವರ ಗತಿ ಏನೆಂಬುದನ್ನೂ ಬಿಡದೆ ಹೇಳಿದ. ಆ ಮನುಷ್ಯ ಎದ್ದು ಬಂದು ಕೆನ್ನೆಗೆ ಹೊಡೆದ. ಆನಂದರಾಜ ಚೀಲ ಎತ್ತಿಕೊಂಡು ಹೊರಬಿದ್ದು, ಮಾತು ಕೇಳದವರ ಮನೆ ಬಿಡುವಾಗ ಮಾಡಬೇಕೆಂದು ಶಾಸ್ತ್ರದಲ್ಲಿ ಇರುವಂತೆ ಅಂಗಳದಲ್ಲೇ ಕಾಲಿನ ಧೂಳು ಝಾಡಿಸಿ, ನೇರ ಗುರುಗಳ ಬಳಿಗೆ ಬಂದಿದ್ದ. ಕೆನ್ನೆ ಇನ್ನೂ ಕೆಂಪಗಿತ್ತು.

ಅಯ್ಯನವರು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಕುಳಿತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ತಾಯಿ ಇದ್ದಳು. ಗಂಡನಿಗೆ ಪರವೂರಿನಲ್ಲಿ ಕೆಲಸ. ಮನೆಯಲ್ಲಿ ಆಕೆ ಮತ್ತು ಹೆಪ್ಸಿ ಎಂಬ ಚಿಕ್ಕ ಮಗಳು, ಇಬ್ಬರೇ. ಭಾನುವಾರದ ಆರಾಧನೆಯಲ್ಲಿ ಸಭೆಯವರೆಲ್ಲ ಬಟ್ಟಲಿನಿಂದ ಗುಟುಕು ಕುಡಿಯುವ ಕರ್ತನ ಭೋಜನಕ್ಕೆ ಬೇಕಾದ ದ್ರಾಕ್ಷಾರಸ ಆ ಮನೆಯಿಂದಲೇ ದೇವಾಲಯಕ್ಕೆ ಹೋಗಬೇಕು. ಅದು ಅತ್ತೆಯಿಂದ ಸೊಸೆಗೆ ಬಂದ ಕೆಲಸ. ಕಪ್ಪು ದ್ರಾಕ್ಷಿ ಆರಿಸಿ, ತೊಳೆದು, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸುವಾಗ ಅಡುಗೆಮನೆಯಲ್ಲಿ ಯಾರೂ ಮಾತಾಡಬಾರದು ಎಂಬುದು ಅತ್ತೆ ಹಾಕಿಕೊಟ್ಟ ಕಟ್ಟಳೆ. ಸೊಸೆ ಅದನ್ನು ಒಂದು ಸಲವೂ ಮುರಿದಿರಲಿಲ್ಲ. ಸಭೆಯಲ್ಲಿ ಆಕೆಗೆ ಒಳ್ಳೆಯ ಹೆಸರಿತ್ತು. ಹೆಸರಿದೆ ಎಂಬುದು ಆಕೆಗೂ ಚೆನ್ನಾಗಿ ಗೊತ್ತಿತ್ತು.

ಕೆಟ್ಟವಳಲ್ಲ. ದೇವರಿಗೆ ಹೆದರುವವಳು. ತನಗಿದ್ದ ಹೆದರಿಕೆಯಲ್ಲಿ ಮಗಳಿಗೂ ಧಾರಾಳವಾಗಿ ಪಾಲು ಕೊಡುತ್ತಿದ್ದಳು, ಅಷ್ಟೆ. ಸುಳ್ಳು ಹೇಳಿದರೆ ದೇವರು ನೋಡುತ್ತಾನೆ. ತಟ್ಟೆಯಲ್ಲಿ ಅನ್ನ ಬಿಟ್ಟರೆ ದೇವರು ನೋಡುತ್ತಾನೆ. ದೇವರು ನೋಡುವುದು ತಡವಾದರೆ ಲಟ್ಟಣಿಗೆ ಕೈಗೆ ಬರುತ್ತಿತ್ತು. ಆ ಶನಿವಾರ ಬೆಳಿಗ್ಗೆ ರಸವನ್ನು ಬಾಟಲಿಗೆ ತುಂಬಿ ಅಡುಗೆಮನೆಯ ಗೂಡಿನಲ್ಲಿಟ್ಟವಳು, ಇದು ದೇವರದು, ಯೋಗ್ಯತೆ ಇಲ್ಲದವರು ಕುಡಿದರೆ ಸಾಯುತ್ತಾರೆ ಎಂದು ಮಗಳಿಗೆ ಹೇಳಿದಳು. ಮುಟ್ಟಬೇಡ ಎಂದಿದ್ದರೆ ಸಾಕಿತ್ತು. ಆದರೆ ಹೆದರಿಸಿ ಹೇಳಿದ ಮಾತೇ ಮಕ್ಕಳ ತಲೆಯಲ್ಲಿ ಉಳಿಯುತ್ತದೆ ಎಂಬುದು ಆಕೆಯ ನಂಬಿಕೆ.

ಮಾತು ತಲೆಯಲ್ಲಿ ಉಳಿಯಿತು. ರಸದ ಘಮ ಮೂಗಿನಲ್ಲಿ ಉಳಿಯಿತು. ಸಂಜೆ ತಾಯಿ ಒಲೆಯ ಮೇಲೆ ಹಾಲಿಟ್ಟು, ಉರಿ ಸಣ್ಣದು ಮಾಡಿ, ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದಳು. ಇಳಿದು ಬಂದಾಗ ಮಗು ಅಡುಗೆಮನೆಯ ಬಾಗಿಲಲ್ಲಿ ನಿಂತಿತ್ತು. ಬಾಯಿ, ಗಲ್ಲ, ಅಂಗಿ ಎಲ್ಲ ನೇರಳೆ ಬಣ್ಣ. ಹಿಂದೆ ಗೂಡಿನಲ್ಲಿ ಅರ್ಧ ಖಾಲಿಯಾದ ಬಾಟಲಿ. ತಾಯಿಯ ಕಣ್ಣಿಗೆ ಆಗ ಮಗು ಕಾಣಲಿಲ್ಲ, ನಾಳೆ ಬಟ್ಟಲಿಗಾಗಿ ಕಾಯುವ ಸಭೆ ಕಂಡಿತು. ಬಟ್ಟೆಯ ಹೊರೆಯನ್ನು ಅಲ್ಲೇ ಎಸೆದು ಕೈ ಎತ್ತಿಕೊಂಡು ಬಂದಳು. ಮಗು ಒಳಗೆ ಸರಿದು, ಬಾಗಿಲು ದೂಡಿ, ಕೆಳಗಿನ ಚಿಲಕ ಹಾಕಿಕೊಂಡಿತು.

ಮೊದಲು ಬಂದದ್ದು ಸಿಟ್ಟೇ. ಎಷ್ಟು ಹೊತ್ತು ಕೂರುತ್ತೀಯೋ ಕೂರು, ಹೊರಗೆ ಬಾ, ಚರ್ಮ ಸುಲಿಯುತ್ತೇನೆ ಎಂದು ತಾಯಿ ಕೂಗಿದಳು. ಬಾಗಿಲು ಗುದ್ದಿದಳು. ಒಳಗೆ ಹಾಲು ಉಕ್ಕಿ ಚುಂಯ್ ಎಂದ ಸದ್ದು ಕೇಳಿಸಿತು, ನಿಂತಿತು. ಕೂಗುವ ಭರದಲ್ಲಿ ಆಕೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲ ಕೆಳಗಿನ ಸಂದಿನಿಂದ ಗ್ಯಾಸಿನ ವಾಸನೆ ಬಂತು. ಉಕ್ಕಿದ ಹಾಲು ಉರಿಯನ್ನು ಆರಿಸಿಬಿಟ್ಟಿತ್ತು. ಒಲೆ ಹಾಗೇ ತೆರೆದಿತ್ತು. ತಾಯಿಯ ಸಿಟ್ಟು ಎಲ್ಲಿ ಹೋಯಿತೋ.

ಒಲೆಯ ಗುಂಡಿ ತಿರುಗಿಸು ಎಂದು ಕೂಗಿದಳು. ಗುಂಡಿ ತಿರುಗಿದ ಸದ್ದು ಬರಲಿಲ್ಲ. ಒಲೆಯ ಹತ್ತಿರ ಹೋದರೆ ಕೈ ಮುರಿಯುತ್ತೇನೆ ಎಂದು ತಾನೇ ದಿನಾ ಹೇಳುತ್ತಿದ್ದದ್ದು ಆಕೆಗೆ ನೆನಪಾಯಿತು. ಕೂಗು ಕೇಳಿ ಪಕ್ಕದ ಮನೆಯವನು ಓಡಿ ಬಂದು ಬಾಗಿಲಿಗೆ ಭುಜ ಕೊಟ್ಟ. ಸಾಗವಾನಿಯ ಹಳೆಯ ಬಾಗಿಲು, ಅಲುಗಲಿಲ್ಲ. ಒಳಗೆ ಮಗು ಮಾತ್ರ ಚೀರಿತು. ಆತ ಹಾರೆ ತಂದ. ಕಬ್ಬಿಣದ ಚಿಲಕ, ಕಬ್ಬಿಣದ ತಿರುಗಣಿ. ಒಂದು ಕಿಡಿ ಎದ್ದರೂ ಒಳಗಿರುವುದು ಮಗು. ತಾಯಿ ಅವನ ಕೈ ಹಿಡಿದು ನಿಲ್ಲಿಸಿದಳು. ಆ ಅಡುಗೆಮನೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಗಾಜು ಕೂರಿಸಿದ ಬೆಳಕಿಂಡಿ ಒಂದೇ. ಅದನ್ನು ಒಡೆಯಲೇ ಎಂದ. ಗಾಜು ಬೀಳುವುದು ಯಾರ ತಲೆಯ ಮೇಲೆ ಎಂದು ಆಕೆ ಕೇಳಿದಳು.

ಆಗಲೇ ಕರೆಂಟು ಹೋಯಿತು. ಮನೆಯೆಲ್ಲ ಮಬ್ಬಾಯಿತು. ಒಳಗಿನಿಂದ ಮಗುವಿನ ಸಣ್ಣ ದನಿ ಬಂತು.

“ಅವ್ವಾ, ಕತ್ತಲಿ ಆತು. ಮೇಣಬತ್ತಿ ಹಚ್ಚಲೇನು? ಸಾಯೂಕಿಂತ ಮದಲ ಪ್ರಾರ್ಥನಾ ಮಾಡತೀನಿ.”

ಜೊತೆಗೆ ಕಡ್ಡಿಪೆಟ್ಟಿಗೆ ಅಲುಗಿದ ಸದ್ದು ಬಂತು.

ತಾಯಿಗೆ ಕಿರುಚಬೇಕು ಎನಿಸಿತು. ಕಿರುಚಿದಾಗಲೆಲ್ಲ ಮಗುವಿನ ಹೆಜ್ಜೆಯ ಸದ್ದು ಬಾಗಿಲಿನಿಂದ ದೂರ ಸರಿದದ್ದನ್ನು ಆಕೆ ಆಗಷ್ಟೇ ಕೇಳಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡಳು. ಮಗು ಹೆದರಿದ್ದು ಏಟಿಗೆ ಮಾತ್ರವಲ್ಲ ಎಂಬುದೂ ಆಗಲೇ ಗೊತ್ತಾದದ್ದು. ಬೆಳಿಗ್ಗೆ ತಾನು ಹೇಳಿದ ಮಾತನ್ನು ಮಗು ಪೂರ್ತಿ ನಂಬಿತ್ತು. ಹೊರಗೆ ತಾಯಿ, ಮೇಲೆ ದೇವರು, ಇಬ್ಬರೂ ತನ್ನನ್ನು ಕೊಲ್ಲಲು ನಿಂತಿದ್ದಾರೆ ಎಂದು ತಿಳಿದಿತ್ತು. ಹಾಗೆ ತಿಳಿಸಿದವಳು ತಾನೇ ಎಂದು ತಾಯಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮೇಣಬತ್ತಿ ಬೇಡ, ಬಾಗಿಲು ತೆಗೆ ಎಂದು ಮೆಲ್ಲಗೆ ಹೇಳಿದಳು. ನಾನು ಹೊಡೆಯುವುದಿಲ್ಲ, ದೇವರಾಣೆ ಎಂದಳು. ಆಣೆ ಇಡುವುದು ಪಾಪ ಎಂದು ಮಗಳಿಗೆ ಕಲಿಸಿದವಳೂ ಈಕೆಯೇ.

“ಮೊನ್ನೇನೂ ಹಂಗ ಅಂದಿದ್ದಿ,” ಎಂದಿತು ಮಗು. “ಬಾಗಲಾ ತಗದ ಮ್ಯಾಲ ಹೊಡದಿ.”

ಮಾತು ನಿಜ. ಮೊನ್ನೆ ಕೂಡ ಇದೇ ಬಾಗಿಲು, ಇದೇ ಭಾಷೆ, ಕೊನೆಗೆ ಲಟ್ಟಣಿಗೆ. ಅಂಥ ಭಾಷೆಗೆ ಎರಡನೆಯ ಸಲ ಯಾರು ಚಿಲಕ ತೆಗೆಯುತ್ತಾರೆ? ಪಕ್ಕದ ಮನೆಯವನು ಗೋಡೆಗೆ ಒರಗಿ ನಿಂತು, ಬೇಗ, ಅಕ್ಕಾ, ಬೇಗ ಎನ್ನುತ್ತಿದ್ದ.

ಆಕೆ ನೆಲದ ಮೇಲೆ ಉದ್ದಕ್ಕೆ ಮಲಗಿ ಸಂದಿನಲ್ಲಿ ನೋಡಿದಳು. ಗ್ಯಾಸು ಮುಖಕ್ಕೆ ಹೊಡೆಯಿತು. ಮಬ್ಬಿನಲ್ಲಿ ಮಗುವಿನ ಎರಡು ಪಾದ ಕಂಡವು. ಕಾಲಾದರೂ ಸಿಕ್ಕೀತು ಎಂದು ಬಲಗೈಯನ್ನು ಸಂದಿನೊಳಗೆ ತೂರಿಸಿದಳು. ಪಾದಗಳು ಥಟ್ಟನೆ ಹಿಂದಕ್ಕೆ ಹಾರಿದವು. ಹಾವು ಕಂಡರೂ ಮಗು ಹಾಗೆ ಹಾರುತ್ತಿರಲಿಲ್ಲ. ತನ್ನ ಕೈ ಒಳಗಿನಿಂದ ಹೇಗೆ ಕಾಣುತ್ತದೆ ಎಂದು ಆಕೆ ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ಹೋದವಳು ತಡೆದಳು. ನಿಧಾನವಾಗಿ ಅಂಗೈ ಮೇಲೆ ಮಾಡಿ ನೆಲಕ್ಕಿಟ್ಟಳು.

“ನಿನಗ ಹೊಡಿಯೂ ಕೈ ಇದ ಅಲ್ಲೇನು, ಹೆಪ್ಸಿ?” ಎಂದಳು. “ಇಗಾ, ನಿನ್ನ ಕಡೆ ಇಟ್ಟೀನಿ. ಲಟ್ಟಣಗಿ ತಗೊಂಡು ಈ ಸಲ ನೀನ ಹೊಡಿ. ನಾ ಕೈ ತಗಿಯಂಗಿಲ್ಲ.”

ತಾಯಿ ಸಂದಿನಲ್ಲೇ ಕಣ್ಣಿಟ್ಟು ಕಾದಳು. ಪಾದಗಳು ಒಂದೊಂದೇ ಹೆಜ್ಜೆ ಮುಂದೆ ಬಂದವು, ನಿಂತವು. ಲಟ್ಟಣಿಗೆಯನ್ನು ಎತ್ತಲು ಮಗುವಿಗೆ ಎರಡೂ ಕೈ ಬೇಕು. ಕಡ್ಡಿಪೆಟ್ಟಿಗೆ ನೆಲಕ್ಕೆ ಬಂತು. ಅದು ಆಕೆಯ ಬೆರಳಿನಿಂದ ಗೇಣು ದೂರದಲ್ಲಿತ್ತು. ಹಿಡಿಯಲು ಕೈ ಚಾಚಿದರೆ ಎಲ್ಲ ಮುಗಿಯಿತು ಎಂದು ಆಕೆಗೆ ಗೊತ್ತಿತ್ತು. ಚಾಚಲಿಲ್ಲ.

ಮೊದಲ ಏಟು ಮೆಲ್ಲಗೆ ಬಿತ್ತು. ಕೈ ಅಲುಗಲಿಲ್ಲ. ಮಗು ಸ್ವಲ್ಪ ಹೊತ್ತು ನೋಡಿತು. ಎರಡನೆಯ ಏಟು ಮೆಲ್ಲಗಿನದಲ್ಲ. ಮೊನ್ನೆಯದು, ಅದರ ಹಿಂದಿನದು, ಅವುಗಳ ಹಿಂದಿನವು, ಎಲ್ಲವೂ ಅದರಲ್ಲಿ ಸೇರಿ ಬಂದವು. ಬೆರಳಿನ ಎಲುಬು ಲಟಕ್ ಎಂದಿತು. ತಾಯಿಯ ಕಣ್ಣು ಕತ್ತಲಿಟ್ಟಿತು. ದೇಹವೆಲ್ಲ ಕೈಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಆಕೆ ಸೆರಗನ್ನು ಕಚ್ಚಿ ಹಿಡಿದು ಕೈಯನ್ನು ಅಲ್ಲೇ ಬಿಟ್ಟಳು, ಅಂಗೈ ಮೇಲಾಗಿಯೇ. ಇನ್ನೊಂದು ಬರುತ್ತದೆ ಎಂದು ಕಾದಳು.

ಏಟು ಬರಲಿಲ್ಲ. ಅಂಟಂಟಾದ ಸಣ್ಣ ಬೆರಳುಗಳು ಬಂದು ಅಂಗೈಯನ್ನು ಮುಟ್ಟಿದವು. ಬಾತುಕೊಳ್ಳುತ್ತಿದ್ದ ಬೆರಳನ್ನು ಸವರಿದವು. ಒಳಗೆ ಮಗು ಅಳಲು ಶುರು ಮಾಡಿತು. ಅಳುತ್ತಲೇ ಚಿಲಕ ಎಳೆಯಿತು.

ಪಕ್ಕದ ಮನೆಯವನು ಮೂಗು ಮುಚ್ಚಿಕೊಂಡು ಒಳನುಗ್ಗಿ ಒಲೆ ನಿಲ್ಲಿಸಿದ, ಸಿಲಿಂಡರು ಬಂದ್ ಮಾಡಿದ. ತಾಯಿ ಎಡಗೈಯಲ್ಲಿ ಮಗುವನ್ನು ಬಾಚಿಕೊಂಡು ಅಂಗಳಕ್ಕೆ ಓಡಿದಳು. ನಾನು ಸಾಯುವುದಿಲ್ಲವೇ ಎಂದು ಮಗು ಕೇಳಿತು. ಇಲ್ಲ, ನಾನು ಹೇಳಿದ್ದು ತಪ್ಪು, ಅದು ನಿನ್ನಂಥವರಿಗೇ ಇರುವ ರಸ ಎಂದು ತಾಯಿ ಅಳುತ್ತ ಹೇಳಿದಳು. ಆಕೆ ಹಾಗೆ ಮಗುವಿನ ಮುಂದೆ ಅತ್ತದ್ದು ಅದೇ ಮೊದಲು.

ಮರುದಿನ ದೇವಾಲಯದಲ್ಲಿ ಬಟ್ಟಲಿಗೆ ರಸ ಸಾಲಲಿಲ್ಲ. ಯಾಕೆಂದು ಹಿರಿಯರು ಕೇಳಿದಾಗ, ನನ್ನ ಮಗಳು ಕುಡಿದಳು ಎಂದು ತಾಯಿ ಎಲ್ಲರ ಮುಂದೆ ಹೇಳಿದಳು. ಕೈಗೆ ಯಾಕೆ ಪಟ್ಟಿ ಎಂದು ಕೇಳಿದವರಿಗೆ ಮಾತ್ರ ಏನೂ ಹೇಳಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು. ಆನಂದರಾಜ ತಲೆ ತಗ್ಗಿಸಿ ಕುಳಿತಿದ್ದ. ತಾಯಿ ಮಾಡಿದ್ದು ದೊಡ್ಡದು, ಒಪ್ಪುತ್ತೇನೆ ಎಂದ. ಆದರೂ ತನ್ನದು ಬೇರೆ ಎಂದು ಅವನಿಗೆ ಅನ್ನಿಸುತ್ತಲೇ ಇತ್ತು. ಕೊನೆಗೆ ಕೆನ್ನೆ ಮುಟ್ಟಿಕೊಂಡು ಬಾಯಿ ಬಿಟ್ಟ.

“ಖರೆ ಅಯ್ಯನವರ, ಆದ್ರ ಅಂವ ನನಗ ಹೊಡದಾನ್ರಿ.”

“ಹೊಡದಾನಪಾ,” ಎಂದರು ಅಯ್ಯನವರು. “ಇನ್ನೇನು ಚಿಲಕಾ ತಗಿಯೂ ಹೊತ್ತಿಗೆ ನೀ ಎದ್ದು ಬಂದಿ.”