ಕೂಸಿನ ಬಳೆ

ಓದುವ ತಾಯಂದಿರಿಗೂ ಅಣ್ಣಂದಿರಿಗೂ ನನ್ನ ನಮಸ್ಕಾರಗಳು. ನಾನು ಮೂರನೆಯ ಇಯತ್ತೆಯವರೆಗೆ ಮಾತ್ರ ಶಾಲೆಗೆ ಹೋದವಳು. ನನ್ನ ಅಕ್ಷರ ಚೆಂದವಿಲ್ಲ, ಮಾತು ಜೋಡಿಸುವುದೂ ಚೆನ್ನಾಗಿ ಬರುವುದಿಲ್ಲ. ಇಷ್ಟು ಉದ್ದಕ್ಕೆ ಬರೆಯುತ್ತಿರುವುದು ಇದೇ ಮೊದಲು. ಅಂಗನವಾಡಿಯ ಅಕ್ಕನವರು, ನಮ್ಮ ಅತ್ತೆ ಹೇಳುತ್ತಿದ್ದ ಬಳೆಗಾರ್ತಿ ಶಂಕ್ರವ್ವನ ಕಥೆಯನ್ನು ನಾನೇ ಬರೆಯಬೇಕೆಂದು ಹಟ ಹಿಡಿದರು. ಅತ್ತೆಯ ಬಾಯಿಂದ ಕೇಳಿದಂತೆಯೇ ಬರೆದಿದ್ದೇನೆ. ತಪ್ಪಿದ್ದರೆ ಅದು ನನ್ನದು, ಅತ್ತೆಯವರದಲ್ಲ.

ಬಹಳ ಹಿಂದೆ, ಹೊಳೆದಂಡೆಯ ಒಂದು ಊರಿನಲ್ಲಿ ಶಂಕ್ರವ್ವ ಎಂಬ ಬಳೆಗಾರ್ತಿ ಇದ್ದಳಂತೆ. ಅವಳು ಇಟ್ಟ ಬಳೆ ಒಡೆಯುತ್ತಿರಲಿಲ್ಲವಂತೆ. ರೊಟ್ಟಿ ಬಡಿದರೂ ಒಡೆಯುತ್ತಿರಲಿಲ್ಲ, ಜೋಳ ಬೀಸಿದರೂ ಒಡೆಯುತ್ತಿರಲಿಲ್ಲ. ಹೊಳೆ ತುಂಬಿ ಹರಿಯುವಾಗ ಬಳೆ ಪೋಣಿಸಿ ಕಟ್ಟಿದ ಮಲಾರವನ್ನು ತಲೆಯ ಮೇಲೆ ಹೊತ್ತು ಈಜಿ ದಾಟುತ್ತಿದ್ದಳು, ಒಂದು ಬಳೆಯೂ ನೆನೆಯುತ್ತಿರಲಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅತ್ತೆಯ ಅತ್ತೆ ಹೇಳುವಾಗ ಆ ಹೊಳೆ ಮೊಣಕಾಲಿನಷ್ಟೇ ಇತ್ತಂತೆ.

ಶಂಕ್ರವ್ವನ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಸಣ್ಣ ಮಕ್ಕಳು ಆ ಮುಖ ಕಂಡು ಮೊದಲು ಅಂಜುತ್ತಿದ್ದರು. ಮಲಾರದ ಸದ್ದು ಕೇಳಿದ ಮೇಲೆ ಅಂಜಿಕೆ ಮರೆತು ಮಡಿಲಿಗೇ ಬಂದು ಕೂರುತ್ತಿದ್ದರು. ಬೆರಳ ಗೆಣ್ಣುಗಳನ್ನು ಒಟ್ಟಿಗೆ ಹಿಡಿದು, ಮೆತ್ತಗೆ ಹಿಂಡಿ, ಮಾತನಾಡುತ್ತ ಮಾತನಾಡುತ್ತಲೇ ಅವಳು ಬಳೆ ಏರಿಸಿಬಿಡುತ್ತಿದ್ದಳು. ನೋವಾಯಿತೆಂದು ಅತ್ತ ಕೂಸು ಒಂದೂ ಇರಲಿಲ್ಲವಂತೆ.

ಆ ಕಾಲದಲ್ಲಿ ಊರಿಗೆ ಹೊಸದಾಗಿ ಶಾಲೆ ಬಂದಿತು. ಬಾಳಪ್ಪ ಮಾಸ್ತರರು ಎಂಬುವರು ಬಂದರು. ಅವರ ಹಿಂದೆಯೇ ಒಂದು ಕಟ್ಟಳೆಯೂ ಬಂದಿತು. ತೋಳಿನ ಮೇಲೆ ದಾಕಿನ ಗುರುತು ಇಲ್ಲದ ಮಗು ಶಾಲೆಯ ಹೊಸ್ತಿಲು ದಾಟಕೂಡದು ಎಂಬುದೇ ಆ ಕಟ್ಟಳೆ. ಸಿಡುಬು ಬಾರದಿರಲೆಂದು ತೋಳನ್ನು ಸೂಜಿಯಿಂದ ಸಣ್ಣಗೆ ಗೀರಿ ಔಷಧ ಹಚ್ಚುವುದಕ್ಕೆ ಆಗ ದಾಕು ಹಾಕುವುದು ಎನ್ನುತ್ತಿದ್ದರು. ಮಾಸ್ತರರು ಗಟ್ಟಿಯಾಗಿ ಗದರಿಸಲೂ ಬಾರದ ಮೆದು ಮನುಷ್ಯ. ಆದರೆ ಹಿಂದಿನ ಊರಿನಲ್ಲಿ ಒಂದು ಮಗುವಿನಿಂದ ಪಕ್ಕದ ಮಗುವಿಗೆ ಬೇನೆ ಹಬ್ಬಿ ಶಾಲೆಯೇ ಬರಿದಾದುದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಆದುದರಿಂದ ಈ ಒಂದು ಮಾತಿನಲ್ಲಿ ಮಾತ್ರ ಅವರು ಕಲ್ಲಾಗಿದ್ದರು.

ದಾಕು ಹಾಕಲು ಮಕ್ತುಮ್‌ಸಾಬ ಎಂಬವನು ಹೆಗಲಿಗೆ ಚೀಲ ಹಾಕಿಕೊಂಡು ಬರುತ್ತಿದ್ದ. ಅವನು ಊರಬಾಗಿಲ ಅಗಸೆಯಲ್ಲಿ ಕಾಣಿಸಿದರೆ ಸಾಕು, ಮಕ್ಕಳು ಕಣದ ಬಣವೆ ಹೊಗುತ್ತಿದ್ದರು, ತಾಯಂದಿರು ಕದ ಹಾಕುತ್ತಿದ್ದರು. ಸಿಡುಬೆಂದರೆ ಅಮ್ಮ ಬರುವುದು, ಅಮ್ಮನ ಕೆಲಸಕ್ಕೆ ಸೂಜಿ ಅಡ್ಡ ಬಂದರೆ ಅವಳು ಮುನಿಯುತ್ತಾಳೆ ಎಂದು ಎಲ್ಲರಿಗೂ ಅಂಜಿಕೆ. ಎಲ್ಲರಿಗಿಂತ ಹೆಚ್ಚು ಅಂಜಿದವಳು ನಡುವಿನ ಓಣಿಯ ಫಕ್ಕೀರವ್ವ. ಅವಳಿಗೆ ಇದ್ದುದು ಒಬ್ಬಳೇ ಮೊಮ್ಮಗಳು, ಹೂವಿ. ಆ ಹೂವಿಗೋ ಶಾಲೆಯ ಹುಚ್ಚು ಹೇಳತೀರದು.

ಮೊಮ್ಮಗಳು ಶಾಲೆಗೂ ಹೋಗಬೇಕು, ಸೂಜಿಯೂ ತಾಗಬಾರದು. ಫಕ್ಕೀರವ್ವ ಒಂದು ಉಪಾಯ ಮಾಡಿದಳು. ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿ, ಬಿಸಿ ಮಾಡಿ, ಹೂವಿಯ ತೋಳಿಗೆ ಒತ್ತಿದಳು. ಕೆಂಪಗೆ ದುಂಡಗೆ ಗುರುತು ಮೂಡಿತು. ಹೂವಿ ತೋಳೆತ್ತಿ ತೋರಿಸಿ ಒಳಗೆ ಹೋದಳು. ಈ ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಮುಂಜಾನೆಯಾದರೆ ಮನೆಮನೆಯ ಕಟ್ಟೆಯ ಮೇಲೆ ಅಜ್ಜಿಯರು ಕುಳಿತು ಹುಣಸೆಬೀಜ ತಿಕ್ಕುತ್ತಿದ್ದರಂತೆ. ಊರಿನಲ್ಲಿ ಹುಣಸೆಬೀಜಕ್ಕೆ ಬರಗಾಲ ಬಂದಿತ್ತು ಎಂದೂ ಹೇಳುತ್ತಾರೆ.

ಗುರುತು ಸಂಜೆಗೆ ಮಾಸುತ್ತಿತ್ತು, ಬೆಳಗ್ಗೆ ಮತ್ತೆ ಒತ್ತಬೇಕಿತ್ತು. ಒಂದು ದಿನ ಹೂವಿ ಉರಿಯುತ್ತದೆ ಎಂದು ಅತ್ತಳು. ಮರುಗಿದ ಅಜ್ಜಿ ಆ ದಿನ ಇನ್ನೊಂದು ತೋಳಿಗೆ ಒತ್ತಿ ಕಳಿಸಿದಳು. ಮಾಸ್ತರರು ಎಡತೋಳು ನೋಡಿದರು, ಬಲತೋಳು ನೋಡಿದರು.

"ಏನವಾ ಹೂವಿ, ನಿನ್ನೆ ಈ ಕಡೆ ಇತ್ತು. ನಿನ್ನ ದಾಕು ರಾತ್ರಿ ಎದ್ದು ಅಡ್ಡಾಡ್ತದೇನು?"

ಶಾಲೆಯೆಲ್ಲ ನಕ್ಕಿತು. ಉಳಿದವರ ತೋಳುಗಳನ್ನು ಮಾಸ್ತರರು ಒದ್ದೆ ಅರಿವೆಯಿಂದ ಒರೆಸಿ, ಕೆಂಪು ಮಾಸಿದ್ದನ್ನು ಕಂಡ ಮೇಲೆ ನಗು ನಿಂತಿತು. ಅರ್ಧ ಶಾಲೆ ಮನೆಗೆ ಹೋಯಿತು. ಹೂವಿ ಮಾತ್ರ ಮನೆಗೆ ಹೋಗಲಿಲ್ಲ. ಶಾಲೆಯ ಗೋಡೆಯ ಹೊರಗೆ ಕುಳಿತು, ಒಳಗಿನಿಂದ ಕೇಳಿಬಂದ ಅಕ್ಷರಗಳನ್ನು ಮಣ್ಣಿನಲ್ಲಿ ಬೆರಳಿಂದ ತಿದ್ದತೊಡಗಿದಳು. ಆ ದಾರಿಯಲ್ಲಿ ಬಂದ ಶಂಕ್ರವ್ವ ಅದನ್ನು ಕಂಡಳು. ಹೊಳೆಯಾಚೆಯ ಊರುಗಳಲ್ಲಿ ಸಿಡುಬು ಎದ್ದಿದೆ ಎಂಬ ಸುದ್ದಿಯನ್ನು ಅವಳು ಅಂದೇ ಕೇಳಿ ಬಂದಿದ್ದಳಂತೆ.

ಸೀಗಿ ಹುಣ್ಣಿಮೆ ಹತ್ತಿರ ಬಂದಿತು. ಹಬ್ಬಕ್ಕೆ ಮುತ್ತೈದೆಯರೆಲ್ಲ ಹೊಸ ಬಳೆ ಇಡಿಸಿಕೊಳ್ಳಬೇಕು. ಶಂಕ್ರವ್ವ ಮೊದಲು ಫಕ್ಕೀರವ್ವನ ಪಡಸಾಲೆಗೆ ಹೋದಳು. ಮಕ್ತುಮ್‌ಸಾಬನನ್ನು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂರಿಸಿ ಬಂದಿದ್ದಳು. ಅವನು ಊರಿಗೆ ಬಂದ ಸುಳಿವು ಸಿಕ್ಕಿದ್ದರಿಂದ ಫಕ್ಕೀರವ್ವ ಹೂವಿಯನ್ನು ಜೋಳದ ಗುಮ್ಮಿಯೊಳಗೆ ಇಳಿಸಿ ಮೇಲೆ ಮೊರ ಮುಚ್ಚಿದ್ದಳು.

ಶಂಕ್ರವ್ವ ಬಲಗೈಯ ತುಂಬ ಹಸಿರು ಬಳೆ ಇಟ್ಟಳು. ಎಡಗೈಯ ಹಳೆಯ ಬಳೆಗಳನ್ನೆಲ್ಲ ತೆಗೆದಳು. ತೆಗೆದು, ಆ ಬರಿಗೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡು ಸುಮ್ಮನೆ ಕುಳಿತಳು.

ಓದುವ ತಾಯಂದಿರಿಗೆ ಇದು ಗೊತ್ತಿರುತ್ತದೆ. ಒಂದು ಕೈಗೆ ಇಟ್ಟು ಇನ್ನೊಂದು ಕೈಯನ್ನು ಬರಿದು ಬಿಟ್ಟು ಮುತ್ತೈದೆ ಬಳೆಗಾರ್ತಿಯ ಮುಂದಿನಿಂದ ಏಳುವಂತಿಲ್ಲ.

"ಯಾಕ ಕುಂತೀ? ಇಡು."

"ಇಡ್ತೀನಿ ಯಕ್ಕಾ. ಮೊದಲ ಹೂವಿ ಎಲ್ಲಿ ಅದಾಳ ಹೇಳು."

"ಅಕಿ ಸೋದರಮಾವನ ಊರಿಗೆ ಹೋಗ್ಯಾಳ."

ಗುಮ್ಮಿಯೊಳಗಿಂದ ಒಂದು ಸೀನು ಕೇಳಿಸಿತು.

"ಸೋದರಮಾವನ ಊರು ಭಾಳ ಸಮೀಪ ಐತಿ ಬಿಡು," ಎಂದಳು ಶಂಕ್ರವ್ವ.

ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಫಕ್ಕೀರವ್ವನ ಗಂಡ ಬಸಲಿಂಗಪ್ಪಜ್ಜ ಈ ಬರಿಗೈಯನ್ನು ಕಂಡು ಗಾಬರಿಯಾದ. "ಏ ಶಂಕ್ರವ್ವಾ, ಲಗೂನ ಇಡವಾ ತಾಯೀ! ನಾ ಇನ್ನೂ ಜೀವಂತ ಅದೀನಿ!"

ಬಾಗಿಲಲ್ಲಿ ನೆರೆದಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಫಕ್ಕೀರವ್ವನಿಗೆ ಸಿಟ್ಟೂ ಬಂದಿತು, ಅಳುವೂ ಬಂದಿತು. "ನಿನಗೇನು ಗೊತ್ತ? ಇರಾಕಿ ಒಬ್ಬಾಕಿ. ಅಮ್ಮ ಸಿಟ್ಟಾದ್ರ ನಾ ಯಾರ ಮುಂದ ಹೋಗಿ ಅಳ್ಲಿ?" ಎಂದಳು.

ಆಗ ಶಂಕ್ರವ್ವ, ಯಾರಿಗೂ ಎಂದೂ ಹೇಳದಿದ್ದುದನ್ನು ಹೇಳಿದಳಂತೆ.

"ನಮ್ಮೂರಿಗೂ ದಾಕಿನವ ಬಂದಿದ್ದ ಯಕ್ಕಾ. ನಮ್ಮವ್ವ ನನ್ನ, ನನ್ನ ತಂಗೀನ ಹಿಂಗ ಗುಮ್ಮಿಯೊಳಗ ಇಳಿಸಿ ಮೊರಾ ಮುಚ್ಚಿದ್ಲು. ದಾಕಿನವ ತಿರುಗಿ ಹೋದ, ಬ್ಯಾನಿ ತಿರುಗಿ ಹೋಗಲಿಲ್ಲ. ನನ್ನ ಮುಖದಾಗ ಅದು ಬರೆದದ್ದು ನೀ ದಿನಾ ನೋಡ್ತಿ. ತಂಗಿ ಕೈಗೆ ಬಳಿ ಇಡೂದು ಉಳದಹೋತು. ಅಮ್ಮನ ಗುಡಿಗೂ ವರ್ಷಾ ಬಳಿ ಒಯ್ಯಾಕಿ ನಾನ. ಕೂಸುಗಳ ಕೈ ಬರಿದಾಗಲಿ ಅಂತ ಅಕಿ ಒಮ್ಮಿನೂ ಅಂದಿಲ್ಲ."

ಫಕ್ಕೀರವ್ವ ತನ್ನ ಬರಿಗೈಯನ್ನು ನೋಡಿಕೊಂಡಳು. ಆಮೇಲೆ ಗುಮ್ಮಿಯ ಕಡೆಗೆ ತಿರುಗಿ, "ಹೂವಿ, ಹೊರಗ ಬಾರವಾ," ಎಂದಳು.

ಮೊರ ಸರಿಯಿತು. ತಲೆಯ ತುಂಬ ಜೋಳದ ಧೂಳು ಮೆತ್ತಿಕೊಂಡು ಹೂವಿ ಹೊರಬಂದಳು. ಶಂಕ್ರವ್ವ ಅವಳನ್ನು ಅಜ್ಜಿಯ ಮಡಿಲಿನಲ್ಲಿಯೇ ಕೂರಿಸಿ, ಬಲಗೈ ಹಿಡಿದು ಮಲಾರವನ್ನು ಬಿಚ್ಚಿದಳು. ಹಸಿರು ಬೇಕೋ, ಕೆಂಪು ಬೇಕೋ, ಚುಕ್ಕಿಯದು ಬೇಕೋ ಎಂದು ಕೇಳಿದಳು. ಹೂವಿ ಹಸಿರು ಎಂದಳು, ಅಲ್ಲ ಕೆಂಪು ಎಂದಳು, ಕೊನೆಗೆ ಹಳದಿ ಚುಕ್ಕಿಯ ಹಸಿರೇ ಆಗಬೇಕೆಂದಳು. ಶಂಕ್ರವ್ವ ಗೆಣ್ಣುಗಳನ್ನು ಹಿಂಡಿ ಬಳೆ ಏರಿಸಿದಳು.

"ದಾಕು ಯಾವಾಗ ಹಾಕ್ತಾನಬೇ?" ಎಂದು ಹೂವಿ ಕೇಳಿದಳು.

"ಹಾಕಿ ಆತಲ್ಲವಾ," ಎಂದ ಮಕ್ತುಮ್‌ಸಾಬ ಎಡಗಡೆಯಿಂದ, ಚೀಲ ಕಟ್ಟುತ್ತ. ಹೂವಿ ಬಳೆ ಆರಿಸುವಷ್ಟರಲ್ಲಿ ಅವನು ಪಕ್ಕದ ಕಟ್ಟೆಯಿಂದ ಸದ್ದಿಲ್ಲದೆ ಬಂದು ಕೆಲಸ ಮುಗಿಸಿದ್ದ.

ಆಗಲೇ ಶಂಕ್ರವ್ವ ಫಕ್ಕೀರವ್ವನ ಎಡಗೈಗೆ ಬಳೆ ಇಟ್ಟಳು. ಬಸಲಿಂಗಪ್ಪಜ್ಜ, "ಉಳದೆ!" ಎಂದು ಎಲೆಯಡಿಕೆ ಉಗುಳಲು ಎದ್ದನಂತೆ.

ಅಂದು ಓಣಿಯ ಕದಗಳು ಒಂದೊಂದಾಗಿ ತೆರೆದವು. ಬಣವೆಗಳಿಂದ ಮಕ್ಕಳು ಹೊರಬಿದ್ದರು. ಹೆಣ್ಣುಮಕ್ಕಳಿಗೆ ಬಳೆ ಇಟ್ಟರೆ ಗಂಡುಮಕ್ಕಳು ತಮಗೂ ಬೇಕೆಂದು ಅತ್ತರು. ಅವರಿಗೂ ಇಟ್ಟಳು. ಗುಂಪಿನ ಹಿಂದೆ, ಗಂಡನನ್ನು ಕಳೆದುಕೊಂಡ ಒಬ್ಬ ಅಜ್ಜಿ ಮೊಮ್ಮಗನನ್ನು ಮುಂದೆ ನೂಕಿ ತಾನು ದೂರವೇ ನಿಂತಿದ್ದಳು. ಹುಡುಗನಿಗೆ ದಾಕು ಹಾಕಿದ ಮೇಲೆ ಶಂಕ್ರವ್ವ ಎದ್ದು ಹೋಗಿ ಆ ಅಜ್ಜಿಯ ಕೈ ಹಿಡಿದಳು. ಅಜ್ಜಿ ಬೆಚ್ಚಿ ಕೈ ಎಳೆದುಕೊಂಡಳು. "ಅಂಜಬ್ಯಾಡ ಯಕ್ಕಾ. ಇದು ಗಂಡನ ಬಳಿ ಅಲ್ಲ, ಕೂಸಿನ ಬಳಿ," ಎಂದು ಶಂಕ್ರವ್ವ ಬಳೆ ಏರಿಸಿಬಿಟ್ಟಳು. ನೆರೆದವರಲ್ಲಿ ಯಾರೂ ಬೇಡವೆನ್ನಲಿಲ್ಲವಂತೆ. ತಡೆಯಲು ಬಾಯಿ ತೆರೆದವರ ಮುಂದೆ ಫಕ್ಕೀರವ್ವ ಎರಡೂ ಕೈಯ ಬಳೆ ಝಾಡಿಸಿಕೊಂಡು ನಿಂತಿದ್ದಳು ಎಂದೂ ಹೇಳುತ್ತಾರೆ.

ಕೆಲವು ದಿನಗಳಿಗೆ ಹೂವಿಗೆ ದಾಕು ಏರಿ ಜ್ವರ ಬಂದಿತು. ಫಕ್ಕೀರವ್ವ ಬೈಯಲಿಲ್ಲ, ಆದರೆ ಊಟವನ್ನೂ ಮಾಡಲಿಲ್ಲ. ಶಂಕ್ರವ್ವ ಊರೂರು ತಿರುಗುವುದನ್ನು ಬಿಟ್ಟು ಅದೇ ಪಡಸಾಲೆಯಲ್ಲಿ ಉಳಿದಳು. ಜ್ವರ ಇಳಿದು, ಹೂವಿ ಎದ್ದು ಬೆಣ್ಣೆ ರೊಟ್ಟಿ ಕೇಳಿದ ಮೇಲೆ ಇಬ್ಬರು ಹೆಂಗಸರೂ ಒಂದೇ ತಾಟಿನಲ್ಲಿ ಉಂಡರು. ಮರುದಿನ ಹೂವಿ ಮಾಸ್ತರರಿಗೆ ತೋಳು ತೋರಿಸಿದಳು. ಅವರು ಒದ್ದೆ ಅರಿವೆ ತೆಗೆದುಕೊಳ್ಳಲಿಲ್ಲ. ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಂದು ಶಾಲೆಯಲ್ಲಿ ಬಳೆಗಳ ಸದ್ದಿಗೆ ಮಗ್ಗಿ ಕೇಳಿಸಲಿಲ್ಲವಂತೆ.

ಆ ವರ್ಷ ಸಿಡುಬು ಹೊಳೆಯಾಚೆಯಿಂದ ಈ ಊರಿನ ಅಗಸೆಯವರೆಗೆ ಬಂದು, ಮಕ್ಕಳ ಬಳೆಯ ಸದ್ದು ಕೇಳಿ ಹಿಂದಿರುಗಿತು ಎಂದು ಹೇಳುತ್ತಾರೆ. ನಾನು ಕಂಡವಳಲ್ಲ. ಆ ವರ್ಷ ಶಾಲೆಯಲ್ಲಿ ಒಂದು ಮಗುವೂ ಕಡಿಮೆಯಾಗಲಿಲ್ಲ ಎಂಬುದನ್ನು ಮಾತ್ರ ಅತ್ತೆ ನಗದೆ ಹೇಳುತ್ತಿದ್ದರು. ಹೂವಿ ಎಂಬವಳು ಅತ್ತೆಯ ಅತ್ತೆಯೇ.

ಈಗ ಸಿಡುಬೂ ಇಲ್ಲ, ದಾಕೂ ಇಲ್ಲ. ಬೇರೆ ಬೇನೆಗಳಿಗೆ ಬೇರೆ ಸೂಜಿಗಳಿವೆ. ಅಂಗನವಾಡಿಗೆ, ಶಾಲೆಗೆ ಸೇರಿಸುವಾಗ ಸೂಜಿಯ ಕಾರ್ಡು ಕೇಳುತ್ತಾರೆ. ನಮ್ಮ ಊರಿನಲ್ಲಿ ಕಾರ್ಡು ಕೇಳುವ ಮೊದಲೇ ಮಗು ಕೈಯೆತ್ತಿ ಬಳೆ ಅಲ್ಲಾಡಿಸುತ್ತದೆ. ಸೂಜಿ ಹಾಕುವ ದಿನ ಹೆಣ್ಣಾಗಲಿ ಗಂಡಾಗಲಿ ಪ್ರತಿ ಕೂಸಿಗೂ ಒಂದು ಗಾಜಿನ ಬಳೆ ಇಡುತ್ತೇವೆ. ಅಜ್ಜಿಯರು ಕೂಸನ್ನು ಮಡಿಲಿನಲ್ಲಿ ಇಟ್ಟುಕೊಂಡು, ಒಂದು ಕೈಯನ್ನು ಬರಿದು ಮಾಡಿಕೊಂಡು ಕೂರುತ್ತಾರೆ. ಸೂಜಿ ಮುಗಿದ ಮೇಲೆ ಆ ಕೈಗೂ ಬಳೆ ಬೀಳುತ್ತದೆ. ಗಂಡ ಇದ್ದಾನೆಯೇ, ಇಲ್ಲವೇ ಎಂದು ಆ ದಿನ ಯಾರೂ ಕೇಳುವುದಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನ ಕೈ ಬರಿದಾಗಿಯೇ ಇತ್ತು. ಹೋದ ತಿಂಗಳು ಮೊಮ್ಮಗನಿಗೆ ಸೂಜಿ ಹಾಕಿಸಿದೆವು. ಅವನು ಅಳಲಿಲ್ಲ. ನಾನು ಅತ್ತುಬಿಟ್ಟೆ. ಹಳದಿ ಚುಕ್ಕಿಯ ಹಸಿರು ಬಳೆ, ಒಂದೇ ಒಂದು, ಈಗ ಬರೆಯುವ ಕೈಯಲ್ಲಿಯೇ ಇದೆ. ಅದು ಸದ್ದು ಮಾಡಿದಾಗಲೆಲ್ಲ ನನ್ನ ಗಮನ ಅತ್ತ ಹೋಗುತ್ತದೆ, ಅಕ್ಷರ ಸೊಟ್ಟಗಾಗುತ್ತದೆ. ತಪ್ಪುಗಳಿದ್ದರೆ ದಯವಿಟ್ಟು ಕ್ಷಮಿಸಿರಿ.