ಮೂರನೆಯ ಇಕ್ಕಳ ಹಿಡಿದ ನಿಂಬೆವ್ವ

ಬಹಳ ಹಿಂದಿನ ಮಾತಿದು. ಎಷ್ಟು ಹಿಂದಿನದು ಅಂತ ಕೇಳಬೇಡಿ, ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಅವಳಿಗೆ ಹೇಳಿದ ಅವಳಜ್ಜಿಗೂ ಗೊತ್ತಿರಲಿಲ್ಲ. ಕಲ್ಲಹೊಂಡ ಅಂತ ಒಂದು ಊರಿತ್ತು. ಊರ ಮುಂದೆ ಬಂಡಿದಾರಿ, ದಾರಿಯ ಪಕ್ಕ ನೀರಿನ ಹೊಂಡ, ಹೊಂಡದ ಎದುರಿಗೆ ಒಂದು ಮಣ್ಣಿನ ಮಾಳಿಗೆ ಮನೆ. ಆ ಮನೆಯಲ್ಲಿ ನಿಂಬೆವ್ವ ಅನ್ನುವ ಹೆಂಗಸು ಒಬ್ಬಳೇ ಇದ್ದಳಂತೆ.

ನಿಂಬೆವ್ವ ಬಡಿಗೇರ ಮೋನಪ್ಪನ ಮಗಳು. ಕಟ್ಟಿಗೆಯ ಮರ್ಮ, ಕಬ್ಬಿಣದ ಮರ್ಮ, ಮಣ್ಣಿನ ಮರ್ಮ ಮೂರೂ ಅವಳಿಗೆ ತಿಳಿದಿತ್ತು. ಮೂರು ಓಣಿ ಆಚೆ ಬಾಗಿಲು ಕಿರುಗುಟ್ಟಿದರೆ, ಇಂಥವರ ಮನೆಯ ಬಾಗಿಲು, ಕೆಳಗಿನ ತಿರುಗಣೆ ಸವೆದಿದೆ ಅಂತ ಕೂತಲ್ಲೇ ಹೇಳುತ್ತಿದ್ದಳಂತೆ. ಅವಳು ಬೈದರೆ ಸೊಟ್ಟ ಮೊಳೆ ತಾನಾಗಿ ನೆಟ್ಟಗಾಗುತ್ತಿತ್ತು ಅಂತಲೂ ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಆದರೆ ಅವಳು ಬೈದರೆ ಸೊಟ್ಟ ಮನುಷ್ಯರು ನೆಟ್ಟಗಾಗುತ್ತಿದ್ದದ್ದು ಮಾತ್ರ ಖರೆ.

ಇಷ್ಟೆಲ್ಲ ಬಲ್ಲವಳು, ಆದರೆ ಯಾರ ಕೆಲಸಕ್ಕೂ ಕೈ ಹಚ್ಚುತ್ತಿರಲಿಲ್ಲ. ಮುರಿದದ್ದನ್ನು ತಂದವರ ಕೈಗೇ ಬಾಚಿ ಕೊಡುತ್ತಿದ್ದಳು, ಉಳಿ ಕೊಡುತ್ತಿದ್ದಳು, ತಾನು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದಳು. ಬೈಸಿಕೊಂಡವರು ಮಾಡುತ್ತಿದ್ದರು. ಒಂದು ಮಳೆಗಾಲ ಊರ ಗೌಡರ ಮಾಳಿಗೆ ಸೋರಿತಂತೆ. ಗೌಡರು ಆಳನ್ನು ಕಳಿಸಿದರು. ಆಳು ಮಾಡಿದ್ದು ಹಾಳು ಅನ್ನುವ ಗಾದೆಯನ್ನು ಪೂರ್ತಿ ಹೇಳಿ ಆಳನ್ನು ವಾಪಸ್ ಅಟ್ಟಿದಳು. ಕಡೆಗೆ ಗೌಡರೇ ಧೋತರ ಎತ್ತಿ ಕಟ್ಟಿ, ಮಣ್ಣಿಗೆ ಹೊಟ್ಟು ಕಲಸಿ ತುಳಿದು, ಏಣಿ ಹತ್ತಿ ತಮ್ಮ ಮಾಳಿಗೆಯನ್ನು ತಾವೇ ಮೆತ್ತಿದರಂತೆ. ಮೀಸೆಯಲ್ಲೆಲ್ಲ ಹೊಟ್ಟು. ಆಮೇಲೆ ವರ್ಷಗಟ್ಟಲೆ ಗೌಡರು ಬಂದ ಬೀಗರಿಗೆಲ್ಲ ತಮ್ಮ ಮಾಳಿಗೆ ತೋರಿಸಿದ್ದೇ ತೋರಿಸಿದ್ದು.

ಯಾಕೆ ಹೀಗೆ ಅಂದರೆ ಅದಕ್ಕೊಂದು ಕಾರಣವಿತ್ತು. ಅವಳಪ್ಪ ಮೋನಪ್ಪ ಬಹಳ ಒಳ್ಳೆಯವನು. ಯಾರು ಕರೆದರೂ ಹೋಗುತ್ತಿದ್ದ, ಎಲ್ಲ ತಾನೇ ಮಾಡಿಕೊಡುತ್ತಿದ್ದ. ಮಾಡಿಕೊಟ್ಟೂ ಮಾಡಿಕೊಟ್ಟೂ ಊರಿನ ಕೈಗಳು ಕೆಲಸ ಮರೆತವು, ಒಂದು ಗೂಟ ಬಡಿಯಲೂ ಮೋನಪ್ಪನೇ ಬೇಕು. ಒಂದು ದಿನ ಮೋನಪ್ಪ ಪರ ಊರಿಗೆ ಹೋದಾಗ ಅವನ ಮನೆಯದೇ ಮಾಳಿಗೆ ಹೊತ್ತ ಜಂತಿ ಜರುಗಿತು. ನಿಂಬೆವ್ವನ ತಾಯಿ ಒಳಗೆ ಬಾಣಂತಿ, ಎದ್ದು ಓಡುವ ಹಾಗಿರಲಿಲ್ಲ. ಊರವರು ಬಾಗಿಲಲ್ಲಿ ನಿಂತು, ಮೋನಪ್ಪನ್ನ ಕರೀರಿ, ಮೋನಪ್ಪನ್ನ ಕರೀರಿ ಅಂದರಂತೆ. ಒಂದು ಕಂಬ ತಂದು ಆನಿಸಿದ್ದರೆ ಸಾಕಿತ್ತು. ಯಾರಿಗೂ ಹೊಳೆಯಲಿಲ್ಲ. ಜಂತಿ ಬಿತ್ತು. ತಾಯಿಯೂ ಹೋದಳು, ಕೂಸೂ ಹೋಯಿತು. ಹತ್ತು ವರ್ಷದ ನಿಂಬೆವ್ವ ಅದನ್ನು ಕಣ್ಣಾರೆ ಕಂಡಳು. ದೊಡ್ಡವಳಾದ ಮೇಲೆ ಅವಳು ಯಾರಿಗೂ ಮಾಡಿಕೊಡಲಿಲ್ಲ, ಎಲ್ಲರಿಗೂ ಕಲಿಸಿದಳು.

ಹೀಗಿರುವಾಗ ಒಂದು ಬೇಸಿಗೆ ಉಪ್ಪಿನ ಬಂಡಿಯವರು ಬಂದರು. ಈ ಜನಕ್ಕೆ ಊರಿಲ್ಲ, ಬಂಡಿಯೇ ಮನೆ. ಮೇಲೆ ಬಿದಿರಿನ ಕಮಾನು, ಕಮಾನಿಗೆ ಗೋಣಿಯ ಹೊದಿಕೆ, ಒಳಗೆ ಮುಂದಿನ ಅರ್ಧಕ್ಕೆ ಉಪ್ಪಿನ ಚೀಲ, ಹಿಂದಿನ ಅರ್ಧಕ್ಕೆ ಸಂಸಾರ. ಹುಟ್ಟುವುದು ಬಂಡಿಯಲ್ಲಿ, ಮುದಿಯಾಗುವುದೂ ಬಂಡಿಯಲ್ಲಿ. ಪ್ರತಿ ವರ್ಷ ಹೊಂಡದ ದಂಡೆಯಲ್ಲಿ ಎರಡು ದಿನ ಬಿಡಾರ ಬಿಟ್ಟು, ಮೂರನೆಯ ಬೆಳಗ್ಗೆ ಅವರ ಹಿರಿಯ ಕೊಂಬು ಊದಿದರೆ ಎಲ್ಲ ಬಂಡಿ ಹೊರಡಬೇಕು. ಆ ಸಲ ಹೊಂಡ ಇನ್ನೂ ಕೂಗಳತೆ ದೂರವಿರುವಾಗಲೇ ಕಡೆಯ ಬಂಡಿಯ ಗಾಲಿಯಿಂದ ಕಬ್ಬಿಣದ ಪಟ್ಟಿ ಜಾರಿತು, ನಡುವಿನಿಂದ ಅಂಚಿಗೆ ಹಾಯುವ ಒಂದು ಅರೆ ಮುರಿಯಿತು, ಬಂಡಿ ವಾಲಿ ಕೂತಿತು. ಅದು ದುರುಗವ್ವ ಅನ್ನುವ ವಿಧವೆಯ ಬಂಡಿ. ಗಂಡ ಸತ್ತು ವರ್ಷ ತುಂಬಿರಲಿಲ್ಲ. ಮೂವರು ಹೆಣ್ಣುಮಕ್ಕಳು, ದೊಡ್ಡವಳು ಸಂಗಿಗೆ ಹದಿನಾಲ್ಕು, ಉಳಿದೆರಡು ಸಣ್ಣವು.

ದುರುಗವ್ವ ಓಡಿ ಬಂದು ನಿಂಬೆವ್ವನ ಕಟ್ಟೆಯ ಮುಂದೆ ಕುಸಿದು ಕೂತು ತಮ್ಮ ಜನದ ಕಟ್ಟಳೆ ಹೇಳಿದಳಂತೆ. ಕೊಂಬು ಊದಿದಾಗ ಹೊರಡಲಾರದ ಬಂಡಿಯನ್ನು ಅಲ್ಲೇ ಬಿಚ್ಚಿ ಹಾಕುತ್ತಾರೆ. ಬಂಡಿ ಬಿಚ್ಚಿದರೆ ಮನೆ ಮುರಿದಂತೆ. ಮಕ್ಕಳನ್ನು ಒಂದೊಂದು ಬಂಡಿಗೆ ಒಬ್ಬೊಬ್ಬರಂತೆ ಹಂಚಿಬಿಡುತ್ತಾರೆ, ಒಂದು ಬಂಡಿ ಮೂಡಲಿಗೆ ಹೋದರೆ ಇನ್ನೊಂದು ಪಡುವಲಿಗೆ. ಇನ್ನೂ ಒಂದು ಕಟ್ಟಳೆ ಇತ್ತು. ಒಬ್ಬರ ಮನೆಯ ಗಾಲಿಯನ್ನು ಆ ಮನೆಯವರೇ ಮುಟ್ಟಿ ಮಾಡಬೇಕು. ಬೇರೆಯವರು ಮುಟ್ಟಿದರೆ, ಮುಟ್ಟಿದವರು ಅಂದಿನಿಂದ ಆ ಮನೆಯವರೇ ಆಗಬೇಕು. ಇಲ್ಲವಾದರೆ ಆ ಗಾಲಿ ಉರುಳುವಂತಿಲ್ಲ.

ನಿಂಬೆವ್ವ ಹೋಗಿ ಗಾಲಿ ನೋಡಿದಳು. ಕಟ್ಟಿಗೆ ಒಣಗಿ ಕುಗ್ಗಿತ್ತು. ಬೇಸಿಗೆಯಲ್ಲಿ ಗಾಲಿಯನ್ನು ನೀರಿಗೆ ಹಾಕಿ ನೆನೆಸಬೇಕು ಅಂತ ನಮ್ಮೂರ ಕೂಸಿಗೂ ಗೊತ್ತು. ಇವರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಬೇಕಾಗಿರಲಿಲ್ಲ. ಉಪ್ಪು ಬೆವರಿ ಬೆವರಿ ಗಾಲಿಯ ಮೇಲೆ ತೊಟ್ಟಿಕ್ಕುತ್ತದೆ, ಕಟ್ಟಿಗೆ ಯಾವಾಗಲೂ ಹಸಿ. ಗಂಡ ಸತ್ತ ಮೇಲೆ ದುರುಗವ್ವನ ಬಂಡಿಗೆ ಯಾರೂ ಉಪ್ಪು ಹೇರಲಿಲ್ಲ, ಹೆಂಗಸು ಏನು ಮಾರಿಯಾಳು ಅಂದರು. ಉಪ್ಪಿಲ್ಲದ ಬಂಡಿ ವರ್ಷದೊಳಗೆ ಒಣಗಿತು. ಇದನ್ನು ತಿಳಿದಾಗ ನಿಂಬೆವ್ವನಿಗೆ ದುರುಗವ್ವನ ಮೇಲಲ್ಲ, ಆ ಬಂಡಿಯವರೆಲ್ಲರ ಮೇಲೆ ಸಿಟ್ಟು ಬಂತು.

ಆದರೂ ಅವಳು ಕೈ ಹಚ್ಚಲಿಲ್ಲ. ಊರ ಹೆಂಗಸರು ಬಂದು, ನಿನ್ನ ಹಟ ಸುಡು, ಮಕ್ಕಳ ಮುಖ ನೋಡಿಯಾದರೂ ಮಾಡಿಕೊಡು ಅಂದರಂತೆ. ಗೌಡರೂ ಬಂದು ಹೇಳಿದರಂತೆ. ಯಾರ ಮಾತೂ ನಡೆಯಲಿಲ್ಲ. ನಾಳೆ ನಡುದಾರಿಯಲ್ಲಿ ಪಟ್ಟಿ ಜಾರಿದರೆ ಅಲ್ಲಿ ನಿಂಬೆವ್ವ ಇರುವುದಿಲ್ಲ, ದುರುಗವ್ವ ಇರುತ್ತಾಳೆ ಅಂತ ಅಷ್ಟೇ ಹೇಳಿದಳು.

ದುರುಗವ್ವ ಮಾಡಿದಳು. ಜಾಲಿಯ ಕಟ್ಟಿಗೆ ತಂದು ಬಾಚಿಯಿಂದ ಹೊಸ ಅರೆ ಕೆತ್ತಿದಳು. ಮೊದಲನೆಯದು ತೆಳುವಾಯಿತು, ಬೈಸಿಕೊಂಡಳು. ಎರಡನೆಯದು ಸೀಳಿತು, ಬೈಸಿಕೊಂಡಳು. ಮೂರನೆಯದು ಕೂತಿತು. ತಾಯಿ ಮಗಳು ಸೇರಿ ಗಾಲಿಯನ್ನು ಉರುಳಿಸಿ ಹೊಂಡಕ್ಕೆ ಹಾಕಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಟ್ಟಿಗೆ ನೀರು ಕುಡಿದು ಉಬ್ಬಿತು. ಈಗ ಗಾಲಿ ದೊಡ್ಡದು, ಪಟ್ಟಿ ಸಣ್ಣದು. ಪಟ್ಟಿಯನ್ನು ಸಗಣಿಯ ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ಹಿಗ್ಗಿದಾಗ ಎತ್ತಿ ಗಾಲಿಗೆ ತೊಡಿಸಿ ನೀರು ಸುರಿದರೆ ಬಿಗಿದು ಕೂರುತ್ತದೆ.

ಆದರೆ ಪಟ್ಟಿ ಎತ್ತಲು ಮೂರು ಇಕ್ಕಳ ಬೇಕು, ಮೂರು ಜನ ಬೇಕು. ದುರುಗವ್ವನ ಮನೆಯಲ್ಲಿ ಇಕ್ಕಳ ಹಿಡಿಯುವ ಕೈ ಇದ್ದದ್ದು ಇಬ್ಬರದೇ. ತಾಯಿ ಮಗಳು ಎರಡೇ ಇಕ್ಕಳದಿಂದ ಎತ್ತಿದರು. ಪಟ್ಟಿ ವಾಲಿತು, ಗಾಲಿಗೆ ಓರೆಯಾಗಿ ಬಿದ್ದು ಕಟ್ಟಿಗೆ ಸುಟ್ಟು ಹೊಗೆಯೆದ್ದಿತು. ಸಂಗಿಯ ಮುಂಗೈ ಸುಟ್ಟಿತು. ಹುಡುಗಿ ಅಳಲಿಲ್ಲ, ತಾಯಿ ಅತ್ತಳು. ನೀರು ಚೆಲ್ಲಿ, ಪಟ್ಟಿ ಬಡಿದು ಬಿಡಿಸಿ, ಮತ್ತೆ ಕುಳ್ಳು ಒಟ್ಟಿದರು. ಇನ್ನೊಮ್ಮೆ ಸುಟ್ಟರೆ ಗಾಲಿ ಇದ್ದಿಲೇ. ಬಂಡಿಯವರೆಲ್ಲ ಸುತ್ತ ನಿಂತಿದ್ದರು. ಎಲ್ಲರ ಮುಖದಲ್ಲೂ ಕನಿಕರವಿತ್ತು, ಆದರೆ ಯಾರ ಕಾಲೂ ಮುಂದೆ ಬರಲಿಲ್ಲ. ಕಟ್ಟೆಯ ಮೇಲೆ ಕೂತ ನಿಂಬೆವ್ವನಿಗೆ ಅಂದು ತಾಯಿಯ ಬಾಗಿಲಲ್ಲಿ ಹಾಗೇ ನಿಂತಿದ್ದ ಇನ್ನೊಂದು ಗುಂಪು ಕಂಡಿತು. ಕಲಿಸುವುದು ಮುಗಿದಿತ್ತು, ಬೈಯುವುದೂ ಮುಗಿದಿತ್ತು, ಈಗ ಬೇಕಾಗಿದ್ದದ್ದು ಒಂದು ಜೊತೆ ಕೈ.

ಪಟ್ಟಿ ಕೆಂಪಾಯಿತು. ನಿಂಬೆವ್ವ ಕಟ್ಟೆ ಇಳಿದು ಬಂದು ಮೂರನೆಯ ಇಕ್ಕಳ ಎತ್ತಿಕೊಂಡಳು.

ದುರುಗವ್ವ ಗಾಬರಿಯಾಗಿ ಕೂಗಿದಳಂತೆ. "ಯಕ್ಕಾ, ಮುಟ್ಟಬ್ಯಾಡ! ಮುಟ್ಟಿದ್ರ ನೀ ನಮ್ಮ ಬಂಡ್ಯಾಕಿ ಆಗಬೇಕಾಕ್ಕೈತಿ!"

"ಆಗ್ತೀನಿ ಬಿಡು ತಂಗಿ. ಕಬ್ಬಿಣ ಕೆಂಪಾಗೇತಿ, ಮಾತಾಡೂ ಹೊತ್ತಲ್ಲ ಇದು. ಎತ್ತು."

ಮೂವರೂ ಎತ್ತಿದರು. ಪಟ್ಟಿ ಸಮನಾಗಿ ಮೇಲೆದ್ದಿತು, ಸಮನಾಗಿ ಕೆಳಗಿಳಿಯಿತು, ಗಾಲಿಗೆ ತೊಡಿಸಿಕೊಂಡು ಕೂತಿತು. ಸಣ್ಣ ಹುಡುಗಿಯರಿಬ್ಬರೂ ಕೊಡದಿಂದ ನೀರು ಸುರಿದರು. ಪಟ್ಟಿ ಬಿಗಿದ ಸದ್ದು ಊರೊಳಗಿನ ಗುಡಿಯ ತನಕ ಕೇಳಿತಂತೆ.

ಮೂರನೆಯ ಬೆಳಗ್ಗೆ ಹಿರಿಯ ಕೊಂಬು ಹಿಡಿದು ಬಂದ. ಬಂಡಿ ನೆಟ್ಟಗೆ ನಿಂತಿತ್ತು. ಅವನು ಗಾಲಿ ನೋಡಿದ, ನಿಂಬೆವ್ವನನ್ನು ನೋಡಿದ. ಮುಟ್ಟಿದವರು ಬಂಡಿ ಹತ್ತಬೇಕು, ಹತ್ತದಿದ್ದರೆ ಬಂಡಿ ಬಿಚ್ಚಬೇಕು ಅಂತ ಮೆಲ್ಲಗೆ ಹೇಳಿದ. ಅವನಿಗೂ ಹೇಳಲು ಮನಸ್ಸಿರಲಿಲ್ಲ ಅನ್ನುತ್ತಾರೆ. ಇರಬಹುದು.

ಊರಿಗೆ ಊರೇ ಕೂಡಿತ್ತು. ನೀನು ಹೋದರೆ ನಮ್ಮ ಮಾಳಿಗೆ ಗತಿ ಏನು, ಬಾಗಿಲ ಗತಿ ಏನು ಅಂತ ಗೋಗರೆದರು. ಹೆರವರ ಗಾಲಿಗೆ ಕೈ ಹಚ್ಚಿ ನಿನ್ನ ನೇಮ ನೀನೇ ಮುರಿದೆಯಲ್ಲ, ಇನ್ನೊಂದು ಕಟ್ಟಳೆ ಮುರಿದರೆ ಏನಾದೀತು ಅಂತ ಗೌಡರು ಕೇಳಿದರಂತೆ. ನಿಂಬೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನೇಮ ಎಲ್ಲಿ ಮುರದೈತಿ ಗೌಡ್ರ? ನಾ ಯಾರ ಮನೀದೂ ಮಾಡಿಕೊಟ್ಟಿಲ್ಲ. ನನ್ನ ಮನೀ ಗಾಲಿ ನಾ ಮಾಡೀನಿ."

ಅವಳು ಮನೆಗೆ ಬೀಗ ಹಾಕಲಿಲ್ಲ. ಉಳಿ, ಬಾಚಿ, ಕೊಡತಿ ಎಲ್ಲ ಹೊರಗೆ ಕಟ್ಟೆಯ ಮೇಲಿಟ್ಟು, ಮೂವತ್ತು ವರ್ಷ ಕಲಿಸಿದ್ದೇನೆ, ಕಲಿತಿರೋ ಇಲ್ಲವೋ ಅನ್ನುವುದು ಇನ್ನು ಮುಂದೆ ಗೊತ್ತಾಗಲಿ ಅಂದಳು. ಹಾಗೆ ಅನ್ನುತ್ತ ಹೊಸ್ತಿಲನ್ನು ಒಮ್ಮೆ ಮುಟ್ಟಿದಳು. ಹುಟ್ಟಿದೂರು ಬಿಡುವುದು ಯಾರಿಗಾದರೂ ಸಸಾರವೇ? ಸಂಗಿ ಸುಟ್ಟ ಕೈಯನ್ನು ಎದೆಗವಚಿ, ಒಳ್ಳೆಯ ಕೈ ಚಾಚಿ ಅವಳನ್ನು ಬಂಡಿಗೆ ಹತ್ತಿಸಿಕೊಂಡಳು. ಹೊರಡುವ ಮೊದಲು ನಿಂಬೆವ್ವ ಬಂಡಿಯವರನ್ನೆಲ್ಲ ಒಂದು ಸುತ್ತು ಬೈದಳಂತೆ. ಬೈದದ್ದು ಏನೋ ತಿಳಿಯದು, ಆದರೆ ಎರಡೇ ಗಳಿಗೆಯಲ್ಲಿ ದುರುಗವ್ವನ ಬಂಡಿಗೆ ಆರು ಚೀಲ ಉಪ್ಪು ಏರಿತು. ಆಮೇಲೆ ಕೊಂಬು ಊದಿದರು.

ಅವಳು ಮತ್ತೆ ಬರಲಿಲ್ಲ. ಸಮುದ್ರದ ದಂಡೆಯಲ್ಲಿ ಕಂಡೆವು ಅಂದವರಿದ್ದಾರೆ, ಬಂಡಿಯವರ ಮಕ್ಕಳಿಗೆಲ್ಲ ಬೈಯುತ್ತ ಬಾಚಿ ಹಿಡಿಸುತ್ತಿದ್ದಳು ಅಂದವರೂ ಇದ್ದಾರೆ. ಆ ವರ್ಷದ ಮೊದಲ ಮಳೆಗೆ ಕಲ್ಲಹೊಂಡದಲ್ಲಿ ಒಂಬತ್ತು ಮಾಳಿಗೆ ಸೋರಿದವು. ಜನ ಅಭ್ಯಾಸಬಲದಿಂದ ಆ ಕಟ್ಟೆಯ ಮುಂದೆ ಬಂದು ನಿಂತರಂತೆ. ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಒಂದೊಂದು ಸಾಮಾನು ಎತ್ತಿಕೊಂಡು ಹೋದರು.

ಈಗಲೂ ಕಲ್ಲಹೊಂಡದಲ್ಲಿ ಹೊಸ ಸೊಸೆ ಬಂದರೆ ಸೇರು ಒದೆಯುವುದು ಆಮೇಲೆ. ಮೊದಲು ತಲೆಬಾಗಿಲಿನ ಒಂದು ಮೊಳೆಯನ್ನು ಬೇಕಂತಲೇ ಸಡಿಲು ಮಾಡಿ ಇಟ್ಟಿರುತ್ತಾರೆ. ಸೊಸೆ ಮೊಳೆ ಹಿಡಿಯಬೇಕು, ಅತ್ತೆ ಹೊಡೆಯಬೇಕು. ಮೊಳೆ ಕೂತಿತು ಅಂದರೆ ಆ ಹುಡುಗಿ ಆ ಮನೆಯವಳಾದಳು. ಎಲ್ಲಿಂದ ಬಂದಳು, ಏನು ತಂದಳು ಅಂತ ಅಂದಿನಿಂದ ಯಾರೂ ಕೇಳುವ ಹಾಗಿಲ್ಲ. ಇಷ್ಟು ತಲೆಮಾರಿನಲ್ಲಿ ಒಬ್ಬ ಅತ್ತೆಯ ಪೆಟ್ಟೂ ತಪ್ಪಿ ಸೊಸೆಯ ಬೆರಳಿಗೆ ಬಿದ್ದಿಲ್ಲವಂತೆ. ಬಿದ್ದಿದ್ದರೂ ಆ ಊರವರು ನಮ್ಮೆದುರು ಹೇಳುತ್ತಾರೆಯೇ?